ಗವಂತಿ ಕಸೂತಿ: ಹಿಂಬದಿ ಕೆಡದಂತೆ ಮನೆಯಲ್ಲೇ ಹಾಕುವ ಕ್ರಮ

2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಕಸೂತಿ ಹಿಡಿದವರು ಬಹಳ. 2021ರ ಮೇ ತಿಂಗಳಲ್ಲಿ ಮತ್ತೆ ಬಾಗಿಲು ಹಾಕಿಕೊಂಡು ಕೂತಾಗ ಅರ್ಧಕ್ಕೆ ಬಿಟ್ಟ ಬಟ್ಟೆಗಳು ಟ್ರಂಕಿನಿಂದ ಹೊರಬಂದವು. ಫೋನಿಗೆ ಬರುವ ಫೋಟೊಗಳಿಗೆಲ್ಲ ನಾನು ಕೇಳುವುದು ಒಂದೇ ಮಾತು: ಬಟ್ಟೆ ತಿರುವಿ ಹಿಂಬದಿಯದೂ ಒಂದು ಕಳಿಸ್ರಿ. ಅಲ್ಲಿಗೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಕಳಿಸಿದವರದೂ ಹೆಚ್ಚುಕಡಿಮೆ ಒಂದೇ ಕಥೆ. ಮುಂದೆ ಗೋಪುರದ ಚಿತ್ತಾರ ಚೆಂದ. ಹಿಂದೆ ಅಡ್ಡಾದಿಡ್ಡಿ ಹಾರಿದ ದಾರ, ಅಲ್ಲಲ್ಲಿ ಗಂಟು, ಒಂದೇ ಜಾಗದಲ್ಲಿ ಎರಡೆರಡು ಸಲ ಹಾಯ್ದ ಎಳೆ.

ಧಾರವಾಡದ ಕಡೆಯ, ಎಳೆ ಎಣಿಸಿ ಹಾಕುವ ಈ ಕಸೂತಿಯಲ್ಲಿ ನಾಲ್ಕು ಥರದ ಹೊಲಿಗೆ, ಅದರಲ್ಲೊಂದು ಗವಂತಿ. ಗವಂತಿಯಲ್ಲಿ ಮುಂದು ಹಿಂದು ಎರಡೂ ಒಂದೇ ಥರ ಕಾಣಬೇಕು. ಅದಕ್ಕೆ ಕೈಚಳಕಕ್ಕಿಂತ ದಾರಿ ಗೊತ್ತಿರುವುದು ಮುಖ್ಯ: ದಾರ ಎಲ್ಲಿಂದ ಹೊರಡಬೇಕು, ಯಾವ ಕವಲಿಗೆ ಹೊಕ್ಕು ಬರಬೇಕು, ಎಲ್ಲಿಂದ ಮರಳಬೇಕು. ವಿಡಿಯೊಗಳಲ್ಲಿ ಸೂಜಿ ಓಡುವುದು ಕಾಣುತ್ತದೆ, ಈ ಲೆಕ್ಕ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಪೆನ್ಸಿಲ್ಲಿನ ಕೆಲಸಕ್ಕೇ ಹೋಗಿದೆ. ಅದನ್ನು ಹಾರಿಸಿ ನೇರ ಸೂಜಿಗೆ ಕೈ ಹಾಕಿದರೆ ಮತ್ತೆ ಅದೇ ಹಿಂಬದಿ.

ಮೊದಲ ಕೆಲಸಕ್ಕೆ ಇಳಕಲ್ ಸೀರೆ ಬೇಡ, ಬ್ಲೌಸೂ ಬೇಡ. ತಟ್ಟೆಯ ಮೇಲೆ ಹಾಸುವಂಥ ಒಂದು ಅಡಿ ಚೌಕದ ಬಟ್ಟೆ ಸಾಕು. ಅದರ ಒಂದು ಅಂಚಿಗೆ ಒಂದು ಸಾಲು ಗವಂತಿ.

## ಹಂತ 1: ಬಟ್ಟೆಯನ್ನು ಎಣಿಸಿ ನೋಡಿ

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಕಾರ್ಬನ್ ಇಡುವುದಿಲ್ಲ. ಎಳೆ ಎಣಿಸುತ್ತ ಹೋಗುವುದು. ಆದ್ದರಿಂದ ಎಣಿಸಲು ಬಾರದ ಬಟ್ಟೆ ಎಷ್ಟು ಚೆಂದವಿದ್ದರೂ ಕೆಲಸಕ್ಕಿಲ್ಲ.

2021ರ ಲಾಕ್‌ಡೌನಿನಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ, ಹಾಲು, ತರಕಾರಿ ಮಾತ್ರ ಸಿಗುತ್ತಿತ್ತು. ಬಟ್ಟೆ ಅಂಗಡಿ ಸಿಗುವ ಮಾತಿರಲಿಲ್ಲ. ನೀವೂ ಆಗಿನಂತೆ ಮೊದಲು ಮನೆಯಲ್ಲೇ ಹುಡುಕಿ. ಮಕ್ಕಳ ಶಾಲೆಯ ಕ್ರಾಫ್ಟ್ ಪಿರಿಯಡ್ಡಿಗೆ ತಂದ, ಚೌಕಚೌಕವಾಗಿ ನೇಯ್ಗೆ ಕಾಣುವ ಮ್ಯಾಟಿ ಬಟ್ಟೆಯ ತುಂಡು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಇಲ್ಲವಾದರೆ ದಪ್ಪ ಕೈಮಗ್ಗದ ಟವೆಲ್, ಒರಟು ಖಾದಿ, ಜಾಳಾದ ಹತ್ತಿಯ ಪರದೆ. ನೈಟಿಯ ಬಟ್ಟೆ, ಪಾಪ್ಲಿನ್, ಹಿಗ್ಗುವ ಬಟ್ಟೆ, ಪಾಲಿಯೆಸ್ಟರ್ ಇವನ್ನೆಲ್ಲ ಪಕ್ಕಕ್ಕಿಡಿ.

ಸಿಕ್ಕ ಬಟ್ಟೆಗೆ ಒಂದು ಪರೀಕ್ಷೆ ಉಂಟು. ಒಂದು ಇಂಚಿನ ಅಂತರದಲ್ಲಿ ಎರಡು ಗುಂಡುಪಿನ್ನು ಚುಚ್ಚಿ, ನಡುವಿನ ಎಳೆ ಎಣಿಸಿ. ಆಮೇಲೆ ಪಿನ್ನು ಕಿತ್ತು ಇನ್ನೊಂದು ದಿಕ್ಕಿನಲ್ಲಿ ಚುಚ್ಚಿ ಮತ್ತೆ ಎಣಿಸಿ. ಎರಡು ಲೆಕ್ಕವೂ ಹತ್ತಿರ ಹತ್ತಿರ ಇರಬೇಕು. ಮೇಲಿನಿಂದ ಕೆಳಕ್ಕೆ ಒಂದು ಇಂಚಿಗೆ 28 ಎಳೆ, ಎಡದಿಂದ ಬಲಕ್ಕೆ 22 ಅಂತ ಬಂದರೆ ನೀವು ಹಾಕಿದ ಆನೆಯ ಚಿತ್ತಾರ ಅಪ್ಪಚ್ಚಿಯಾಗಿ ಕೂರುತ್ತದೆ. ಬಟ್ಟೆಯನ್ನು ತಿರುಗಿಸಿ ಹಿಡಿದರೆ ಅದೇ ಆನೆಗೆ ಕಾಲು ಉದ್ದವಾಗುತ್ತದೆ. ಒಂದೆರಡು ಎಳೆಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಬಟ್ಟೆ ಹೊಸದಾಗಿದ್ದರೆ ಒಮ್ಮೆ ನೆನೆಸಿ, ಒಗೆದು, ಒಣಗಿಸಿ ಆಮೇಲೆ ಹಿಡಿಯಿರಿ. ಕಸೂತಿ ಮುಗಿದ ಮೇಲೆ ಬಟ್ಟೆ ಕುಗ್ಗಿದರೆ ದಾರ ಕುಗ್ಗದೆ ಮೇಲೆ ಎದ್ದು ನಿಲ್ಲುತ್ತದೆ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ಸಡಿಲವಾಗಿ ಸುತ್ತುಹೊಲಿಗೆ ಹಾಕಿ. ಇದನ್ನು ಬಿಟ್ಟವರು ವಾರ ಕಳೆಯುವುದರೊಳಗೆ ಅಂಚಿನಲ್ಲಿ ಬೆರಳಗಲ ಬಟ್ಟೆ ಕಳೆದುಕೊಂಡಿರುತ್ತಾರೆ, ಎಣಿಕೆ ಶುರುಮಾಡಿದ ಜಾಗವೇ ಇರುವುದಿಲ್ಲ.

## ಹಂತ 2: ದಾರ, ಸೂಜಿ, ಬೆಳಕು

ಆ್ಯಂಕರ್‌ನಂಥ ಕಸೂತಿ ದಾರದ ಒಂದು ಲಡಿಯಲ್ಲಿ 8 ಮೀಟರ್ ದಾರ, ಅದರೊಳಗೆ 6 ಎಳೆ ಇರುತ್ತವೆ. ಆರನ್ನೂ ಒಟ್ಟಿಗೆ ಪೋಣಿಸುವುದು ಹೊಸಬರ ಮೊದಲ ತಪ್ಪು. ಮ್ಯಾಟಿಗೆ ಎರಡು ಎಳೆ ಸಾಕು. ಸಣ್ಣ ನೇಯ್ಗೆಯ ಬಟ್ಟೆಗೆ ಒಂದೇ. ಎರಡನ್ನೂ ಒಟ್ಟಿಗೆ ಎಳೆದರೆ ಸಿಕ್ಕಾಗುತ್ತದೆ. ಒಂದೊಂದಾಗಿ ಹೊರಗೆಳೆದು, ಆಮೇಲೆ ಜೋಡಿಸಿಕೊಳ್ಳಿ.

ಉದ್ದ ಒಂದು ಮೊಳ. ಬೆರಳತುದಿಯಿಂದ ಮೊಣಕೈವರೆಗೆ ಅಳೆದು ಕತ್ತರಿಸಿ. ಪದೇ ಪದೇ ಪೋಣಿಸುವ ಬೇಸರಕ್ಕೆ ಮಾರುದ್ದ ದಾರ ತೆಗೆದರೆ ಅದು ತೂತುಗಳಲ್ಲಿ ಉಜ್ಜಿ ಉಜ್ಜಿ ನೂಲೆದ್ದು, ಕೊನೆಯ ಹೊಲಿಗೆಗಳು ಮಂಕಾಗುತ್ತವೆ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ ಅನ್ನುವುದನ್ನೂ ಲೆಕ್ಕದಲ್ಲಿಡಿ. ಇಂಚಿಗೆ 14 ಚೌಕದ, ಅಂದರೆ 14 ಹೊಲಿಗೆ ಹಿಡಿಸುವ ಬಟ್ಟೆಯಲ್ಲಿ, ತುದಿಗಳಿಗೆ ಬಿಟ್ಟು, ಮೊಳ ದಾರಕ್ಕೆ ಸುಮಾರು 70 ಹೊಲಿಗೆಯ ಗೆರೆ ಹೋಗಿ-ಬಂದು ಮುಗಿಯುತ್ತದೆ ಅಂದುಕೊಳ್ಳಿ.

ಕೆಂಪು, ಕಪ್ಪು, ಗಾಢ ನೇರಳೆ ದಾರಗಳು ಬಣ್ಣ ಬಿಡುತ್ತವೆಯೇ ಅಂತ ಮೊದಲೇ ನೋಡಿ. ಒಂದು ಬೆರಳುದ್ದದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯಲ್ಲಿ ಒತ್ತಿ, ಒಣಗಿದ ಮೇಲೆ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಹೊಲಿಗೆ ಮೆಷಿನ್ನಿನ ದಾರ ಅಭ್ಯಾಸಕ್ಕೆ ನಡೆಯುತ್ತದೆ, ಮೈತುಂಬ ಕೂರುವುದಿಲ್ಲ.

ಸೂಜಿಯ ತುದಿ ಮೊಂಡಾಗಿರಬೇಕು. ಅಂಗಡಿಯಲ್ಲಿ 24 ಅಥವಾ 26ನೇ ನಂಬರಿನ ಟೇಪೆಸ್ಟ್ರಿ ಸೂಜಿ ಅಂತ ಕೇಳಬೇಕು. ಚೂಪು ಸೂಜಿ ಎಳೆಗಳ ನಡುವೆ ಇಳಿಯದೆ ಎಳೆಯನ್ನೇ ಸೀಳುತ್ತದೆ. ಮರಳುವಾಗ ಮೊದಲು ಹಾಕಿದ ದಾರವನ್ನೂ ಚುಚ್ಚುತ್ತದೆ. ಮೊಂಡು ಸೂಜಿ ಸಿಗದಿದ್ದರೆ ದೊಡ್ಡ ಕಣ್ಣಿನ ಮಾಮೂಲಿ ಸೂಜಿಯ ತುದಿಯನ್ನು ಸಾಣೆಕಲ್ಲಿಗೋ ಪಿಂಗಾಣಿ ಕಪ್ಪಿನ ಬುಡದ ಒರಟು ಅಂಚಿಗೋ ಉಜ್ಜಿ. ಬೆರಳಿಗೆ ಒತ್ತಿದರೆ ಚುಚ್ಚಬಾರದು, ಅಷ್ಟಾದರೆ ಸಾಕು.

ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಕೈಯಲ್ಲೇ ಹಿಡಿದು ಹಾಕುವವರು ಧಾರವಾಡದ ಕಡೆ ಬೇಕಾದಷ್ಟು ಜನ. ರಿಂಗಿಗಿಂತ ಬೆಳಕು ಮುಖ್ಯ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ. ತೂತುಗಳ ಮೂಲಕ ಬಿಳುಪು ಇಣುಕಿ ಎಳೆ ಎಣಿಸುವುದು ಹಗುರಾಗುತ್ತದೆ.

ಸೋಂಕಿನ ಕಾಲ ಕಲಿಸಿದ ಎರಡು ಮಾತು. ಪಕ್ಕದ ಮನೆಯವರ ದಾರದ ಡಬ್ಬಿ ಹಂಚಿಕೊಂಡು ಬಳಸುತ್ತಿದ್ದರೆ ದಾರದ ತುದಿಯನ್ನು ಬಾಯಲ್ಲಿ ಚೀಪಿ ಪೋಣಿಸುವ ಅಭ್ಯಾಸ ಬಿಡಿ. ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದರೆ ಎಂಜಲಿಲ್ಲದೆಯೂ ಸೂಜಿಕಣ್ಣಿಗೆ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿಕೊಂಡ ಕೈ ಪೂರ್ತಿ ಒಣಗುವ ತನಕ ಬಟ್ಟೆ ಮುಟ್ಟಬೇಡಿ. ಅಂಟಂಟು ಬೆರಳಿಗೆ ದಾರ ಹಿಡಿಯುತ್ತದೆ, ಬಣ್ಣ ಕದಡುವುದೂ ಉಂಟು. ಸೋಪು ಹಚ್ಚಿ ತೊಳೆದು ಕೂತರೆ ಎಲ್ಲಕ್ಕಿಂತ ವಾಸಿ.

## ಹಂತ 3: ಪೇಪರಿನ ಮೇಲೆ ದಾರಿ

ಬಹಳ ಜನ ಸೋಲುವುದು ಇಲ್ಲಿ. ಗಣಿತದ ಗ್ರಾಫ್ ಪುಸ್ತಕ ತೆಗೆಯಿರಿ. ಗ್ರಾಫಿನ ಒಂದು ಚೌಕದ ಬದಿ ಅಂದರೆ ಒಂದು ಹೊಲಿಗೆ.

ಗವಂತಿಯ ನಡಿಗೆ ಸರಳ. ಸೂಜಿ ಮೇಲೆ ಬಂದು ಒಂದು ಹೊಲಿಗೆ ಮುಂದೆ ಹಾಕುತ್ತದೆ, ಕೆಳಗಿಳಿದು ಮುಂದಿನ ಹೊಲಿಗೆಯನ್ನು ಹಿಂಬದಿಯಲ್ಲಿ ಹಾಕುತ್ತದೆ. ಹೀಗೆ ಮುಂದೊಂದು, ಹಿಂದೊಂದು. ಸಾಲಿನ ಕೊನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಮರಳುತ್ತದೆ. ಹೋಗುವಾಗ ಮುಂದೆ ಖಾಲಿ ಬಿಟ್ಟದ್ದು ಬರುವಾಗ ತುಂಬುತ್ತದೆ, ಹಿಂಬದಿಯಲ್ಲೂ ಹಾಗೆಯೇ. ಇದನ್ನು ಕೆಡಿಸುವ ಜಾಗಗಳು ಮೂರು: ಕವಲು, ಚೌಕ, ದ್ವೀಪ.

ಕವಲು. ಗೋಪುರದ ಮೇಲಿನ ಕಳಸ, ತೇರಿನ ಬಾವುಟ, ನವಿಲಿನ ಜುಟ್ಟು ಇವೆಲ್ಲ ಮುಖ್ಯ ಗೆರೆಯಿಂದ ಚಾಚಿದ ಕವಲುಗಳು. ಕವಲಿನ ಬುಡ ಬಂದ ಕೂಡಲೇ ಅದರೊಳಗೆ ಹೋಗಿ, ತುದಿ ಮುಟ್ಟಿ, ಬುಡಕ್ಕೆ ವಾಪಸು ಬಂದು, ಆಮೇಲೆ ಮುಖ್ಯ ಗೆರೆ ಹಿಡಿಯಬೇಕು. ಹೋಗುವಾಗ ಎಷ್ಟು ಹೊಲಿಗೆಯೋ ಬರುವಾಗಲೂ ಅಷ್ಟೇ ಇರುವುದರಿಂದ ಒಟ್ಟು ಲೆಕ್ಕ ಯಾವಾಗಲೂ ಸರಿಸಂಖ್ಯೆ. ಹಾಗಾಗಿ ಮುಖ್ಯ ಗೆರೆಯ ಮುಂದು-ಹಿಂದಿನ ಲೆಕ್ಕ ತಪ್ಪುವುದಿಲ್ಲ. "ಕವಲುಗಳನ್ನು ಆಮೇಲೆ ಹಾಕಿದರಾಯಿತು" ಅಂತ ಬಿಟ್ಟು ಹೋದವರು ಮರಳುವಾಗ ಅರ್ಧ ಮರೆಯುತ್ತಾರೆ. ಆಮೇಲೆ ಅವನ್ನು ಸೇರಿಸಲು ಬೇರೆ ದಾರ ತೆಗೆದು, ಹಿಂಬದಿಯಲ್ಲಿ ಹಾರಿಸಿ ಹಾರಿಸಿ ಹಾಕುತ್ತಾರೆ.

ಚೌಕ. ಚೌಕಕ್ಕೆ ನಾಲ್ಕು ಹೊಲಿಗೆ. ಒಂದನೆಯದು ಮುಂದೆ, ಎರಡನೆಯದು ಹಿಂದೆ, ಮೂರನೆಯದು ಮುಂದೆ, ನಾಲ್ಕನೆಯದು ಹಿಂದೆ. ಹೊರಟ ಮೂಲೆಗೇ ಬಂದಿರಿ. ಉಳಿದದ್ದನ್ನು ತುಂಬಲು ಇನ್ನೊಂದು ಸುತ್ತು ಅದೇ ದಿಕ್ಕಿನಲ್ಲಿ ಹೊರಟರೆ ಐದನೆಯ ಹೊಲಿಗೆ ಒಂದನೆಯದರ ಮೇಲೆಯೇ ಬೀಳುತ್ತದೆ. ಎಷ್ಟು ಸುತ್ತು ಹಾಕಿದರೂ ಮುಂದೆ ಎರಡೇ ಬದಿ ದಪ್ಪವಾಗುತ್ತ ಹೋಗುತ್ತವೆ, ಉಳಿದೆರಡು ಬದಿ ಬರುವುದೇ ಇಲ್ಲ. "ನನ್ನ ಚೌಕ ಯಾಕೆ ಕೂಡೋದೇ ಇಲ್ಲ?" ಅಂತ ಕೇಳುವವರದೆಲ್ಲ ಇದೇ ತೊಂದರೆ. ನಾಲ್ಕನೆಯ ಹೊಲಿಗೆ ಆದ ಕೂಡಲೇ ಅಲ್ಲಿಂದಲೇ ಹೊರಳಿ, ಬಂದ ದಿಕ್ಕಿಗೆ ಉಲ್ಟಾ ಹೊರಡಬೇಕು. ಐದನೆಯದು ನಾಲ್ಕನೆಯದರ ಬದಿಯನ್ನು ಮುಂದಿನಿಂದ ಮುಚ್ಚುತ್ತದೆ, ಆರನೆಯದು ಮೂರನೆಯದರ ಹಿಂಬದಿ ತುಂಬುತ್ತದೆ, ಎಂಟಕ್ಕೆ ಚೌಕ ಎರಡೂ ಕಡೆ ಪೂರ್ತಿ. ಒಂದೇ ದಾರದಲ್ಲಿ ಹಾಕುವಾಗ ಆಕಾರ ಯಾವುದೇ ಇರಲಿ, ಸುತ್ತಬೇಡಿ, ಮರಳಿ.

ವಜ್ರದ ಆಕಾರಗಳು ತುದಿಗೆ ತುದಿ ಸೇರಿ ಸಾಲಾಗಿ ನಿಂತಿದ್ದರೆ ಮೇಲಿನ ಅರ್ಧವನ್ನು ಮುಖ್ಯ ಗೆರೆ ಅಂತಿಟ್ಟುಕೊಂಡು, ಕೆಳಗಿನ ಅರ್ಧವನ್ನು ಕವಲಿನಂತೆ ಹೋಗಿ-ಬಂದು ಮುಗಿಸಿ.

ದ್ವೀಪ. ಯಾವ ಗೆರೆಗೂ ತಾಗದೆ ಒಂಟಿಯಾಗಿ ನಿಂತ ಭಾಗ, ಆನೆಯ ಕಣ್ಣಿನಂಥದ್ದು. ಅಲ್ಲಿಗೆ ದಾರ ಹಾರಿಸಬಾರದು. ಹೊಸ ದಾರದಲ್ಲಿ ಬೇರೆಯಾಗಿ ಹಾಕಿ. ಮೊದಲ ಕೆಲಸಕ್ಕೆ ದ್ವೀಪವೇ ಇಲ್ಲದ ಚಿತ್ತಾರ ಆರಿಸಿಕೊಂಡರೆ ಇನ್ನೂ ನೆಮ್ಮದಿ.

ಈಗ ಅಭ್ಯಾಸದ ಸಾಲನ್ನು ಗ್ರಾಫಿನ ಮೇಲೆ ಬರೆಯಿರಿ. ಮೇಲಕ್ಕೆ ಒಂದು, ಬಲಕ್ಕೆ ಒಂದು, ಕೆಳಕ್ಕೆ ಒಂದು, ಬಲಕ್ಕೆ ಒಂದು, ಮತ್ತೆ ಮೇಲಕ್ಕೆ. ಕೋಟೆಯ ತೆನೆಯಂತೆ ಕಾಣುತ್ತದೆ. ಪ್ರತಿ ತೆನೆಯ ಮೇಲಿನ ಎಡಮೂಲೆಯಿಂದ ಇನ್ನೊಂದು ಹೊಲಿಗೆ ಮೇಲಕ್ಕೆ ಚಾಚಿ, ಅದು ಕವಲು. ಮುಖ್ಯ ಗೆರೆಗೆ ಕೆಂಪು ಪೆನ್ನು, ಕವಲಿಗೆ ಹಸಿರು. ಹೋಗುವ ಹೊಲಿಗೆಗಳಿಗೆಲ್ಲ ನಂಬರು ಹಾಕಿ. ಪೆನ್ಸಿಲ್ಲನ್ನು ಪೇಪರಿನಿಂದ ಎತ್ತದೆ ಹೋಗಿ-ಬರಲು ಆಗುತ್ತದೆಯೇ ನೋಡಿ. ಪೆನ್ಸಿಲ್ ಎತ್ತಬೇಕಾದ ಜಾಗದಲ್ಲಿ ನಾಳೆ ದಾರ ಹಾರುತ್ತದೆ.

## ಹಂತ 4: ಬಟ್ಟೆಯ ಮೇಲೆ ಕಚ್ಚಾ ಗುರುತು

ಬಟ್ಟೆಯನ್ನು ನಾಲ್ಕಾಗಿ ಮಡಚಿ ನಡುಗೆರೆ ಹುಡುಕಿ. ಬೇರೆ ಬಣ್ಣದ ಮೆಷಿನ್ ದಾರದಿಂದ ಆ ಗೆರೆಯ ಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಸಾಲು ಬರುವ ಕಡೆ ಪ್ರತಿ 10 ಹೊಲಿಗೆಗೆ ಒಂದರಂತೆ ಇನ್ನಷ್ಟು ಅಡ್ಡಗೆರೆ. ಗ್ರಾಫಿನಲ್ಲೂ ಪ್ರತಿ 10ಕ್ಕೆ ಒಂದು ದಪ್ಪ ಗೆರೆ ಎಳೆದುಕೊಳ್ಳಿ. ತಪ್ಪಾದರೆ ಹತ್ತರೊಳಗೇ ಸಿಕ್ಕಿಬೀಳುತ್ತದೆ. ಈ ಗುರುತಿಲ್ಲದೆ ಹೊರಟರೆ ಬಲತುದಿಗೆ ಹೋದ ಮೇಲೆ ಒಂದು ಎಳೆ ಹೆಚ್ಚುಕಡಿಮೆಯಾದದ್ದು ತಿಳಿಯುತ್ತದೆ, ಆಗ ಬಿಚ್ಚುವುದು ಎಲ್ಲಿಂದ?

ಒಂದು ಹೊಲಿಗೆ ಬಟ್ಟೆಯ ಎಷ್ಟು ಎಳೆ ದಾಟಬೇಕು ಅನ್ನುವುದನ್ನು ಈಗಲೇ ತೀರ್ಮಾನ ಮಾಡಿ, ಗ್ರಾಫಿನ ಮೂಲೆಯಲ್ಲಿ ಬರೆದಿಡಿ. ಮೂರೋ ನಾಲ್ಕೋ, ನಿಮ್ಮ ಬಟ್ಟೆಗೆ ತಕ್ಕಂತೆ. ನಡುವೆ ಬದಲಿಸುವಂತಿಲ್ಲ.

ಚಿತ್ತಾರದ ಸಾಲಾದರೆ ಮೊದಲು ಲೆಕ್ಕ ಹಾಕಿ. ಇಂಚಿಗೆ 14 ಚೌಕದ ಬಟ್ಟೆ 12 ಇಂಚು ಅಗಲ ಇದ್ದರೆ 168 ಚೌಕ. ನಿಮ್ಮ ಗೋಪುರ 22 ಚೌಕ ಅಗಲ, ನಡುವೆ 4 ಚೌಕ ಜಾಗ ಅಂದರೆ ಆರು ಗೋಪುರಕ್ಕೆ 132, ನಡುವಿನ ಐದು ಜಾಗಕ್ಕೆ 20, ಒಟ್ಟು 152. ಉಳಿದ 16ನ್ನು ಎರಡೂ ಕಡೆ 8ರಂತೆ ಹಂಚಿ. ಎಡತುದಿಯಿಂದ ಸುಮ್ಮನೆ ಶುರುಮಾಡಿದವರಿಗೆ ಕೊನೆಯಲ್ಲಿ ಮುಕ್ಕಾಲು ಗೋಪುರ ಗಂಟುಬೀಳುತ್ತದೆ.

## ಹಂತ 5: ಗಂಟು ಹಾಕದೆ ಆರಂಭ

ದಾರದ ತುದಿಗೆ ಗಂಟು ಬೇಡವೇ ಬೇಡ. ಎರಡೂ ಕಡೆ ಕಾಣುವ ಕೆಲಸದಲ್ಲಿ ಗಂಟನ್ನು ಬಚ್ಚಿಡಲು ಜಾಗವಿಲ್ಲ, ಜಾಳು ಬಟ್ಟೆಯಲ್ಲಿ ಅದು ತೂರಿಕೊಂಡು ಮೇಲಕ್ಕೂ ಬರುತ್ತದೆ.

ಮೊದಲ ತೂತಿನಲ್ಲಿ ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ, ಹಿಂಬದಿಯಲ್ಲಿ ನಾಲ್ಕು ಬೆರಳಗಲ ಬಾಲ ಬಿಡಿ. ಮೊದಲ ನಾಲ್ಕೈದು ಹೊಲಿಗೆ ಹಾಕುವ ತನಕ ಆ ಬಾಲವನ್ನು ಎಡಗೈ ಹೆಬ್ಬೆರಳಿನಡಿ ಒತ್ತಿ ಹಿಡಿಯಿರಿ. ಸಾಲು ಹೋಗಿ-ಬಂದು ಮುಗಿದ ಮೇಲೆ ಬಾಲವನ್ನು ಸೂಜಿಗೆ ಪೋಣಿಸಿ, ಅದೇ ಸಾಲಿನ ಹಿಂಬದಿಯ ಐದಾರು ಹೊಲಿಗೆಗಳಿಗೆ ಒಂದೊಂದು ಸುತ್ತು ಸುತ್ತಿ, ಬುಡಕ್ಕೆ ಕತ್ತರಿಸಿ. ಬಟ್ಟೆಗೆ ಚುಚ್ಚಬಾರದು, ಹೊಲಿಗೆಯ ಅಡಿಯಲ್ಲಷ್ಟೇ ನುಸುಳಿಸಬೇಕು.

ದಾರ ಮರಳುವ ಹೊತ್ತಿಗೆ ಸಾಲದೇ ಹೋಗುತ್ತದೆ ಅನ್ನುವ ಭಯವಿದ್ದರೆ ಒಂದು ಉಪಾಯ: ಬಾಲವನ್ನೇ ಅರ್ಧ ದಾರದಷ್ಟು ಉದ್ದ ಬಿಡಿ. ಸೂಜಿಯಲ್ಲಿರುವ ಅರ್ಧದಿಂದ ಹೋಗುವ ಸಾಲು ಹಾಕಿ. ಆಮೇಲೆ ಬಾಲವನ್ನು ಪೋಣಿಸಿ, ಅದೇ ದಿಕ್ಕಿನಲ್ಲಿ, ಹಿಂಬದಿಯಿಂದ ಮೊದಲ ಹೊಲಿಗೆ ಶುರುಮಾಡಿ ಖಾಲಿ ಜಾಗ ತುಂಬುತ್ತ ಹೋಗಿ. ಮೊದಲ ಸಲ ಪೂರ್ತಿ ಮುಗಿಸಿದ ಕವಲುಗಳಿಗೆ ಮತ್ತೆ ಹೋಗಬೇಕಿಲ್ಲ. ಎರಡು ತುದಿಯೂ ಬಲಕ್ಕೆ ಬಂದು ನಿಲ್ಲುತ್ತವೆ. ಮೊದಲು ಮಾಮೂಲಿ ಕ್ರಮ ಕೈಗೆ ಹತ್ತಲಿ, ಆಮೇಲೆ ಇದು.

## ಹಂತ 6: ಹೋಗುವ ಸಾಲು

ತೆನೆಸಾಲನ್ನೇ ಹಿಡಿಯೋಣ. ಸೂಜಿ ಮೇಲೆ ಬಂದಿದೆ. ಮೇಲಕ್ಕೆ ಒಂದು ಹೊಲಿಗೆ, ಮುಂಬದಿಯಲ್ಲಿ. ಸೂಜಿ ಮೂಲೆಯ ತೂತಿಗೆ ಇಳಿಯಿತು. ಈಗ ಕವಲು: ಹಿಂಬದಿಯಲ್ಲೇ ಇನ್ನೊಂದು ಹೊಲಿಗೆ ಮೇಲಕ್ಕೆ ಹೋಗಿ, ಕವಲಿನ ತುದಿಯಲ್ಲಿ ಸೂಜಿಯನ್ನು ಮೇಲೆ ತೆಗೆಯಿರಿ. ಮುಂಬದಿಯಲ್ಲಿ ಕೆಳಕ್ಕೆ ಬಂದು ಅದೇ ಮೂಲೆಯ ತೂತಿಗೆ ಇಳಿಸಿ. ಕವಲು ಎರಡೂ ಕಡೆ ಮುಗಿಯಿತು. ಈಗ ಬಲಕ್ಕೆ ಒಂದು, ಹಿಂಬದಿಯಲ್ಲಿ. ಸೂಜಿ ಮೇಲೆ. ಕೆಳಕ್ಕೆ ಒಂದು, ಮುಂಬದಿಯಲ್ಲಿ. ಬಲಕ್ಕೆ ಒಂದು, ಹಿಂಬದಿಯಲ್ಲಿ. ಮುಂದಿನ ತೆನೆ.

ನಾಲ್ಕು ತೆನೆ ಆದ ಮೇಲೆ ನಿಲ್ಲಿಸಿ ನೋಡಿ. ಮುಂದೆ ಬರೀ ನಿಂತ ಕಡ್ಡಿಗಳು ಕಾಣಬೇಕು, ಒಂದಾದರೂ ಅಡ್ಡ ಹೊಲಿಗೆ ಇರಬಾರದು. ಹಿಂದೆ ಅಡ್ಡ ಹೊಲಿಗೆಗಳು, ಜತೆಗೆ ಕವಲಿನ ಗಿಡ್ಡ ಕಡ್ಡಿಗಳು. ಮುಂದೆ ಎಲ್ಲಾದರೂ ಅಡ್ಡ ಹೊಲಿಗೆ ಕಂಡರೆ ಅದಕ್ಕೂ ಸ್ವಲ್ಪ ಹಿಂದೆ ಲೆಕ್ಕ ತಪ್ಪಿದೆ; ಹೆಚ್ಚಾಗಿ ಕವಲಿಗೆ ಹೋಗಿ ವಾಪಸು ಬಾರದೆ ಓಡಿಬಿಟ್ಟಿರುತ್ತೀರಿ. ಈ ಒಂದು ಗುರುತು ನೆನಪಿದ್ದರೆ ಬಟ್ಟೆಯನ್ನು ಯಾರಿಗೂ ತೋರಿಸಿ ಕೇಳಬೇಕಿಲ್ಲ.

ಇನ್ನೊಂದು: ಒಂದೇ ಸಲಕ್ಕೆ ಸೂಜಿ ಒಳಗೆ-ಹೊರಗೆ ಮಾಡಿ ಎರಡು ಮೂರು ಹೊಲಿಗೆ ಎತ್ತಿ ಎಳೆಯಬೇಡಿ. ನೇರ ಇಳಿಸಿ, ಎಳೆಯಿರಿ. ನೇರ ಏರಿಸಿ, ಎಳೆಯಿರಿ. ನಿಧಾನ ಅನಿಸುತ್ತದೆ, ಎಳೆ ಮಾತ್ರ ತಪ್ಪುವುದಿಲ್ಲ.

## ಹಂತ 7: ಮರಳುವ ಸಾಲು

ಬಲತುದಿಯಲ್ಲಿ ಸೂಜಿ ಮೇಲೆ ಬಂದಿದೆ. ಎಡಕ್ಕೆ ಒಂದು, ಮುಂಬದಿಯಲ್ಲಿ. ಮೇಲಕ್ಕೆ ಒಂದು, ಹಿಂಬದಿಯಲ್ಲಿ. ಎಡಕ್ಕೆ ಒಂದು, ಮುಂಬದಿಯಲ್ಲಿ. ಕೆಳಕ್ಕೆ ಒಂದು, ಹಿಂಬದಿಯಲ್ಲಿ. ಕವಲುಗಳನ್ನು ಮುಟ್ಟಬೇಡಿ, ಅವುಗಳ ಕೆಲಸ ಆಗಿದೆ. ಮುಂದಿನ ಅಡ್ಡಗಳೆಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತವೆ.

ಮರಳುವಾಗ ಪ್ರತಿ ತೂತಿನಲ್ಲೂ ಮೊದಲೇ ಒಂದು ದಾರ ಕೂತಿರುತ್ತದೆ. ಅದನ್ನು ಚುಚ್ಚಬಾರದು, ಪಕ್ಕದಿಂದ ಹಾಯಬೇಕು. ನೇರ ಗೆರೆಯಲ್ಲಾದರೆ ಸೂಜಿ ಇಳಿಯುವಾಗ ಹಳೆ ದಾರದ ಮೇಲ್ಬದಿಯಿಂದ, ಏರುವಾಗ ಕೆಳಬದಿಯಿಂದ. ಕೊನೆಯವರೆಗೂ ಇದೇ ಕ್ರಮ. ಒಂದು ಕಡೆ ಮೇಲಿನಿಂದ, ಇನ್ನೊಂದು ಕಡೆ ಕೆಳಗಿನಿಂದ ಅಂತ ಮನಸ್ಸಿಗೆ ಬಂದಂತೆ ಇಳಿಸಿದರೆ ಗೆರೆ ಅಲ್ಲಲ್ಲಿ ಹಲ್ಲು ಬಿಟ್ಟಂತೆ ಕಾಣುತ್ತದೆ. ಹಾಕಿದ್ದೆಲ್ಲ ಸರಿಯಿದ್ದೂ "ಏನೋ ಸೊಟ್ಟ" ಅನಿಸುವ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ.

ದಾರವನ್ನು ಬಟ್ಟೆಗೆ ಒರಗುವಷ್ಟು ಮಾತ್ರ ಎಳೆಯಿರಿ. ಹೊಲಿಗೆಯ ತುದಿಗಳಲ್ಲಿ ತೂತು ಬಾಯಿ ತೆರೆಯುತ್ತಿದ್ದರೆ ಬಿಗಿ ಜಾಸ್ತಿ. ದಾರದ ಅಡಿ ಸೂಜಿ ಸಲೀಸಾಗಿ ಹೋಗಿ ಅಲುಗಾಡಿದರೆ ಸಡಿಲ. ಸಿಟ್ಟಿನಲ್ಲಿ, ಟಿವಿಯ ಸುದ್ದಿ ಕೇಳುತ್ತ ಕೂತಾಗ ಕೈ ಬಿಗಿಯಾಗುತ್ತದೆ. ಟಿವಿ ಆರಿಸಿ ಕೂರಿ. ದಾರ ಮುರಿಗೆ ಬಿದ್ದು ಗುಂಗುರಾಗತೊಡಗಿದರೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ಜೋತುಬಿಡಿ, ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ.

## ಹಂತ 8: ಹಿಂಬದಿ ಓದುವುದು, ಬಿಚ್ಚುವುದು

ಪ್ರತಿ ಸಾಲು ಮುಗಿದ ಮೇಲೆ ಬಟ್ಟೆ ತಿರುವಿ. ಕಂಡದ್ದರಿಂದ ಕಾರಣ ಹೀಗೆ ತಿಳಿಯುತ್ತದೆ:

- ಒಂದು ಹೊಲಿಗೆಯ ಜಾಗ ಖಾಲಿ: ಮರಳುವಾಗ ಅದನ್ನು ಬಿಟ್ಟಿದ್ದೀರಿ, ಅಥವಾ ಕವಲಿಗೆ ಅರ್ಧವಷ್ಟೇ ಹೋಗಿದ್ದೀರಿ.
- ಒಂದೇ ಬದಿ ದಪ್ಪ, ಪಕ್ಕದ್ದು ಖಾಲಿ: ಚೌಕವನ್ನು ಮರಳದೆ ಸುತ್ತಿದ್ದೀರಿ.
- ಓರೆಯಾಗಿ ಹಾಯ್ದ ಉದ್ದ ದಾರ: ಪೇಪರಿನ ಮೇಲೆ ಪೆನ್ಸಿಲ್ ಎತ್ತಿದ ಜಾಗ.
- ಸಣ್ಣ ಕುಣಿಕೆ: ದಾರ ಪೂರ್ತಿ ಎಳೆಯುವ ಮೊದಲೇ ಮುಂದಿನ ಹೊಲಿಗೆ ಹಾಕಿದ್ದೀರಿ.

ಖಾಲಿ ಬಿಟ್ಟ ಒಂದು ಹೊಲಿಗೆಗಾಗಿ ಸಾಲನ್ನೆಲ್ಲ ಬಿಚ್ಚಬೇಡಿ. ಬೇರೆ ದಾರದಿಂದ ತುಂಬಿ ಎರಡು ತುದಿಯನ್ನೂ ಸುತ್ತಿಸಿ ಮುಗಿಸಿ. ಎಣಿಕೆಯೇ ತಪ್ಪಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಬಿಚ್ಚಬೇಕು. ಸೂಜಿಯನ್ನು ಬಂದ ದಾರಿಯಲ್ಲೇ ಉಲ್ಟಾ ತೂರಿಸಿ ಬಿಚ್ಚಲು ಹೋದರೆ ದಾರ ಸೀಳಿ ಸಿಕ್ಕಾಗುತ್ತದೆ. ಸೂಜಿ ತೆಗೆದಿಟ್ಟು, ಅದರ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆ ಎತ್ತಿ ಎಳೆಯಿರಿ. ಬಿಚ್ಚಿದ ದಾರ ನೂಲೆದ್ದಿದ್ದರೆ ಮತ್ತೆ ಬಳಸಬೇಡಿ. ದಾರ ಉಳಿಸಲು ಹೋಗಿ ಕೆಲಸ ಕೆಡಿಸಿದಂತಾಗುತ್ತದೆ.

## ಹಂತ 9: ಉಳಿದ ಮೂರು ಹೊಲಿಗೆ

ಗವಂತಿ ಕೈಹಿಡಿದರೆ ಮುರ್ಗಿಗೆ ಹೊಸದಾಗಿ ಕಲಿಯುವುದು ಕಡಿಮೆ. ನಡಿಗೆ ಅದೇ, ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಇದಕ್ಕೂ ಮುಂದು ಹಿಂದು ಒಂದೇ.

ನೇಯ್ಗೆಯಲ್ಲಿ ಸೂಜಿ ಸಾಲುಸಾಲಾಗಿ ಬೇರೆಬೇರೆ ಉದ್ದದ ಹೊಲಿಗೆ ಹಾಕುತ್ತ ಬಟ್ಟೆಯಲ್ಲೇ ನೇಯ್ದಂತೆ ಚಿತ್ತಾರ ಎಬ್ಬಿಸುತ್ತದೆ. ಮುಂದೆ ದಾರ ತುಂಬಿದ ಜಾಗ ಹಿಂದೆ ಖಾಲಿ. ಮೆಂತೆ ಅಂದರೆ ಅಡ್ಡಹೊಲಿಗೆ, ಎರಡು ಓರೆ ಎಳೆ ಒಂದರ ಮೇಲೊಂದು. ಇದರ ಹಿಂಬದಿ ಮುಂಬದಿಯಂತಿರುವುದಿಲ್ಲ, ಅದನ್ನು ತಪ್ಪೆಂದುಕೊಂಡು ಬಿಚ್ಚಬೇಡಿ. ಮೇಲಿನ ಎಳೆ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಒರಗಿದ್ದರೆ ಸಾಕು. ಎರಡೂ ಕಡೆ ಕಾಣುವ ಸೆರಗು, ದುಪ್ಪಟ್ಟಾ, ಕರ್ಚೀಫಿಗೆ ಗವಂತಿ-ಮುರ್ಗಿ. ಒಳಬದಿ ಮುಚ್ಚಿಹೋಗುವ ದಿಂಬಿನ ಕವರು, ಚೀಲಕ್ಕೆ ಮೆಂತೆ ಆಗಬಹುದು.

## ಮಾಸ್ಕಿನ ಮೇಲೆ ಕಸೂತಿ ಹಾಕುವವರಿಗೆ

ಲಾಕ್‌ಡೌನಿನ ದಿನಗಳಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಇದು. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಬಟ್ಟೆ ಮಾಸ್ಕಿಗೆ ಕನಿಷ್ಠ ಮೂರು ಪದರ ಇರಲಿ ಎಂದಿತು: ಒಳಗೆ ತೇವ ಹೀರುವ ಹತ್ತಿ, ಹೊರಗೆ ತೇವ ಹೀರದ ಬಟ್ಟೆ, ನಡುವೆ ಸೋಸುವ ಪದರ. ಕಸೂತಿಗೆ ಬೇಕಾದದ್ದು ಎಳೆಗಳ ನಡುವೆ ಸೂಜಿ ಇಳಿಯುವ ಜಾಳು ಬಟ್ಟೆ. ಮಾಸ್ಕಿಗೆ ಬೇಕಾದದ್ದು ದಟ್ಟ ಬಟ್ಟೆ. ಎರಡೂ ಒಂದರಲ್ಲೇ ಸಿಗುವುದಿಲ್ಲ.

ಹೊಲಿದು ಮುಗಿದ ಮಾಸ್ಕಿನ ಮೇಲೆ ಸೂಜಿ ಇಳಿಸುವುದಂತೂ ಬೇಡ. ಮೂರೂ ಪದರಕ್ಕೆ ಸಾಲುಸಾಲು ತೂತು ಬೀಳುತ್ತದೆ, ಅದೂ ಮೂಗು-ಬಾಯಿಯ ಎದುರಿಗೇ. ಬೆಳಕಿಗೆ ಹಿಡಿದರೆ ಚುಕ್ಕೆಗಳು ನಿಮಗೇ ಕಾಣುತ್ತವೆ. ಮದುವೆಗೋ ಸೀಮಂತಕ್ಕೋ ಬೇಕೇ ಬೇಕು ಅನ್ನುವವರು ಬೇರೆ ಬಟ್ಟೆಯ ಮೇಲೆ ಹಾಕಿದ ಸಣ್ಣ ಪಟ್ಟಿಯನ್ನು ಮಾಸ್ಕ್ ಹೊಲಿಯುವ ಮೊದಲೇ ಹೊರಪದರದ ಬದಿಯಂಚಿನ ಹೊಲಿಗೆಯಲ್ಲಿ ಸೇರಿಸಿ ಹಿಡಿಯಲಿ. ಒಳಗಿನ ಎರಡು ಪದರಕ್ಕೆ ಸೂಜಿ ತಾಗದಿರಲಿ. ಮಾಸ್ಕನ್ನು ದಿನವೂ ಒಗೆಯಬೇಕು, ಬಣ್ಣ ಬಿಡುವ ದಾರವಾದರೆ ಮುಖಕ್ಕೇ. ನನ್ನನ್ನು ಕೇಳಿದರೆ ಮಾಸ್ಕನ್ನು ಅದರ ಪಾಡಿಗೆ ಬಿಟ್ಟು, ಒಗೆದ ಮಾಸ್ಕ್ ಇಟ್ಟುಕೊಳ್ಳುವ ಪುಟ್ಟ ಚೀಲದ ಮೇಲೆ ತುಳಸಿಕಟ್ಟೆಯನ್ನೋ ತೇರನ್ನೋ ಹಾಕಿ ಅಂತೀನಿ.

## ಹಂತ 10: ತೊಳೆದು ಇಸ್ತ್ರಿ ಹಾಕುವುದು

ಮೊದಲು ಕಚ್ಚಾ ಗುರುತುಗಳನ್ನು ತೆಗೆಯಿರಿ. ಒಂದು ತುದಿ ಹಿಡಿದು ಎಳೆಯದೆ, ಎರಡೆರಡು ಇಂಚಿಗೆ ಕತ್ತರಿಸಿ ತುಂಡುತುಂಡಾಗಿ ಎತ್ತಿ. ಆಮೇಲೆ ತಣ್ಣೀರು, ಸ್ವಲ್ಪ ಸೋಪು, ಉಜ್ಜದೆ ಅದ್ದಿ ತೆಗೆಯುವುದು. ನೀರಿಗೆ ಬಣ್ಣ ಇಳಿಯುತ್ತಿರುವುದು ಕಂಡರೆ ಬಟ್ಟೆಯನ್ನು ನೆನೆಯಲು ಬಿಡಬೇಡಿ, ಒಣಗಲೂ ಬಿಡಬೇಡಿ. ನೀರು ತಿಳಿಯಾಗುವವರೆಗೆ ಬದಲಿಸಿ ಬದಲಿಸಿ ಜಾಲಿಸಿ. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ.

ಇಸ್ತ್ರಿಗೆ ದಪ್ಪ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಸಿ, 'ಮುಂದು' ಅಂತ ನೀವು ಆರಿಸಿಕೊಂಡ ಬದಿಯನ್ನು ಅದರ ಮೇಲೆ ಕವುಚಿ, ಬಟ್ಟೆ ತುಸು ತೇವ ಇರುವಾಗಲೇ ಒತ್ತಿ. ಪೆಟ್ಟಿಗೆಯನ್ನು ಜಾರಿಸದೆ ಎತ್ತಿ ಎತ್ತಿ ಇಡಿ. ಬರಿಯ ಗಟ್ಟಿ ಮೇಜಿನ ಮೇಲೆ ಒತ್ತಿದರೆ ಹೊಲಿಗೆ ಚಪ್ಪಟೆಯಾಗಿ ಬಟ್ಟೆಯಲ್ಲಿ ಹೂತುಹೋಗುತ್ತದೆ.

ಮುಂದಿನ ಕೆಲಸಕ್ಕೆ ಎಳೆ ಎಣಿಸಲಾಗದ ರೇಷ್ಮೆ ಬ್ಲೌಸ್ ಹಿಡಿಯುವುದಾದರೆ ಎಳೆ ಕೀಳುವ ಕ್ಯಾನ್ವಾಸ್ ಬೇಕಾಗುತ್ತದೆ. ಅದನ್ನು ಬಟ್ಟೆಯ ಮೇಲೆ ಕಚ್ಚಾ ಹೊಲಿಗೆಯಿಂದ ಕೂರಿಸಿ, ಅದರ ಚೌಕ ಎಣಿಸುತ್ತ ಎರಡರ ಮೂಲಕವೂ ಕಸೂತಿ ಹಾಕಿ, ಮುಗಿದ ಮೇಲೆ ತುಸು ನೀರು ಚಿಮುಕಿಸಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಅಲ್ಲಿ ಮೊಂಡು ಸೂಜಿ ನಡೆಯುವುದಿಲ್ಲ, ಚೂಪಾದದ್ದೇ ಬೇಕು. ಒಂದು ಮೂಲೆಯಲ್ಲಿ ನೀರಿನ ಕಲೆ ಉಳಿಯುತ್ತದೆಯೇ ಅಂತ ನೋಡದೆ ರೇಷ್ಮೆಗೆ ನೀರು ಚಿಮುಕಿಸಬೇಡಿ.